ಮುಂದಕ್ಕೆ ಎಸೆದ ಚೆಂಡು

ದೇವದುರ್ಗ
೪–೧೨–೧೯೮೭

ಪರಮಣ್ಣ,

ಕಾಗದ ಬರೆಯದೆ ಎರಡು ವರ್ಷವಾಯಿತು. ಬೈಯುವುದನ್ನೆಲ್ಲ ಬೈದು ಮುಗಿಸು, ಆಮೇಲೆ ಮುಂದೆ ಓದು.

ಈ ಕಾಗದ ತಂದಿರುವ ವೆಂಕೋಬ ದೇವದುರ್ಗ–ಮಾನ್ವಿ ಬಸ್ಸಿನ ಕಂಡಕ್ಟರ್. ಅವನ ಹತ್ತಿರ ಒಂದು ಗಂಟು ಇದೆ. ಅದರಲ್ಲಿ ಮೂರು ವಸ್ತು: ಒಂದು ಪುಸ್ತಕ, ಒಂದು ಹಾಡಿನ ಕ್ಯಾಸೆಟ್, ಒಂದು ವಿಡಿಯೋ ಕ್ಯಾಸೆಟ್. ಮೂರೂ ರಗ್ಬಿ ಆಟದವು. ಪಲ್ಟನ್ನಿನಲ್ಲಿದ್ದ ಆರು ವರ್ಷ ನಾನು ಆಡಿದ್ದು ಅದನ್ನೇ. ತತ್ತಿಯಂಥ ಚೆಂಡು, ತತ್ತಿಯಂಥ ಚೆಂಡು ಎಂದು ನಿನ್ನ ತಲೆ ತಿನ್ನುತ್ತಿದ್ದೆನಲ್ಲ, ಅದು. ಈ ಜೂನ್‌ನಲ್ಲಿ ನ್ಯೂಜಿಲೆಂಡ್ ದೇಶದಲ್ಲಿ ಆ ಆಟದ ಮೊದಲನೇ ವಿಶ್ವಕಪ್ಪಿನ ಫೈನಲ್ ಆಯಿತು. ನನ್ನ ಹಳೆಯ ಹವಾಲ್ದಾರರ ಮಗ ಹಡಗಿನ ಕೆಲಸದಲ್ಲಿದ್ದಾನೆ. ಅಲ್ಲಿನ ಬಂದರಿನಲ್ಲಿ ಇಳಿದಾಗ ನನ್ನನ್ನು ನೆನೆದು ಕೊಂಡು ಕಳಿಸಿದ್ದಾನೆ. ಫೈನಲ್ ಪಂದ್ಯ ಪೂರ್ತಿ ಆ ವಿಡಿಯೋದಲ್ಲಿದೆಯಂತೆ.

ಶಾಲೆಯಲ್ಲಿ ಆರು ತಿಂಗಳಿಂದ ಹದಿನೈದು ಹುಡುಗರಿಗೆ ಈ ಆಟ ಕಲಿಸುತ್ತಿದ್ದೇನೆ. ಚೆಂಡನ್ನು ಕಾಲಿನ ಜೋಡು ಹೊಲಿಯುವ ರಾಮಲಿಂಗಪ್ಪ ಹೊಲಿದುಕೊಟ್ಟ. ಎಂಟು ಜನ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ, ತಲೆ ತಗ್ಗಿಸಿ, ಎದುರಿನವರನ್ನು ನೂಕಬೇಕು. ಮೈಗೆ ಮೈ ತಾಗದೆ ಈ ಆಟವೇ ಇಲ್ಲ. ನನ್ನ ಹದಿನೈದು ಜನರಲ್ಲಿ ಎಲ್ಲ ಓಣಿಯವರೂ ಇದ್ದಾರೆ. ಯಾರಿಗೆ ಎಲ್ಲಿ ಉರಿಯಿತು ಎಂದು ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಸಮಿತಿ ಅಧ್ಯಕ್ಷರು ಕರೆಸಿದರು.

"ಡ್ರಿಲ್ ಮಾಸ್ತರ, ಇಂಥಾ ಆಟ ಜಗತ್ತಿನ್ಯಾಗ ಎಲ್ಲೂ ಇಲ್ಲ. ಎಲ್ಲಾರನ್ನೂ ಎಲ್ಲಾರಿಗೂ ಮುಟ್ಟಿಸಬೇಕಂತ ನೀನ ಹುಟ್ಟಿಸಿದ್ದು ಇದು."

"ಇಲ್ರೀ, ದೊಡ್ಡ ದೊಡ್ಡ ದೇಶ ಆಡ್ತಾವರೀ."

"ಹಂಗಾರ ತೋರ್ಸು. ಜನವರಿ ಇಪ್ಪತ್ತಾರಕ್ಕ ಝಂಡಾ ಏರಿಸಿದ ಮ್ಯಾಲ ಊರ ಮಂದಿ ಮುಂದ ತೋರ್ಸು. ಖರೇ ಇದ್ರ ಆಡ್ಸು. ಇಲ್ಲಾಂದ್ರ ಆ ಚಂಡು ಭಾವ್ಯಾಗ ಒಗದು ಬರೇ ಕವಾಯತು ಮಾಡ್ಸು."

ಇದಿಷ್ಟು ಸಂಗತಿ. ನನ್ನ ಬಳಗದಲ್ಲಿ ವಿಡಿಯೋ ಮಷೀನು ಇರುವುದು ನಿನ್ನೊಬ್ಬನ ಹತ್ತಿರ. ನಾನಿನ್ನೂ ಅದನ್ನು ನೋಡಿಲ್ಲ. ನಿನ್ನ ಮಷೀನಿನಲ್ಲಿ ಹಾಕಿ ನೋಡು, ಕಂಡದ್ದನ್ನು ಬರೆ. ಇಪ್ಪತ್ತಾರಕ್ಕೆ ಮಷೀನು ತೆಗೆದುಕೊಂಡು ಬಾ. ಕ್ಯಾಸೆಟ್ಟಿನ ಬೆನ್ನಿನ ಮೂಲೆಯಲ್ಲಿ ಒಂದು ಚಿಕ್ಕ ಪಟ್ಟಿ ಮುರಿದಿದೆ. ಅದರ ಮೇಲೆ ಬೇರೆ ಏನನ್ನೂ ತುಂಬಲು ಬರಬಾರದೆಂದು ಬೇಕಂತಲೇ ಮುರಿದದ್ದಂತೆ, ಹಡಗಿನ ಹುಡುಗ ಬರೆದಿದ್ದಾನೆ.

ಚೀಕಲಪರ್ವಿಯ ಹೊಳೆಯ ಮರಳಿನಲ್ಲಿ ನನ್ನನ್ನು ಕುಸ್ತಿಗೆ ಎಳೆದವನು ನೀನೊಬ್ಬನೇ. ನಮ್ಮವ್ವ ದುರುಗಮ್ಮ ಬಡಿದ ರೊಟ್ಟಿ, ಪುಂಡಿಪಲ್ಯ ತಿಂದವನೂ ನೀನೊಬ್ಬನೇ. ಅದಕ್ಕೇ ನಿನಗೆ ಕಳಿಸಿದೆ.

ಉರುಕುಂದಪ್ಪ


ಮಾನ್ವಿ
೧೧–೧೨–೧೯೮೭

ಎಲೈ ಉರುಕುಂದಪ್ಪಾ!

ಪರದೆ ಏಳಲಿ! ಹಾರ್ಮೋನಿಯಂ ಏರುದನಿಯಲ್ಲಿ ನುಡಿಯಲಿ! ಎರಡು ವರ್ಷ ಅಜ್ಞಾತದಲ್ಲಿದ್ದ ಗೆಳೆಯನ ಓಲೆ ಬಂದಿದೆ, ದಾರಿ ಬಿಡಿ!

ಗಂಟು ಬಂತು ಮಾರಾಯ. ನಿನ್ನ ವೆಂಕೋಬ ಅದನ್ನು ಎರಡು ಬೆರಳಲ್ಲಿ ಹಿಡಿದು, "ಮಾಸ್ತರ, ಬಾಂಬ್ ಗೀಂಬ್ ಇಲ್ಲಲ್ರೀ ಇದ್ರಾಗ?" ಎಂದ. "ಅದ! ನಿಮ್ಮ ದೇವದುರ್ಗಾನ ಹಾರಿಸೋ ಬಾಂಬ್ ಅದ ಲೇ!" ಎಂದು ಗರ್ಜಿಸಿದೆ. ಪಾಪ, ಸೀಟಿ ಊದುವುದನ್ನೂ ಮರೆತು ಬಸ್ಸಿಗೆ ಓಡಿದ.

ಆ ದಿನವೇ ಹಾಕಿ ನೋಡಿದೆ. ಉರ್ಕುಂದ್ಯಾ, ಏನು ಹೇಳಲಿ, ಹೇಗೆ ಹೇಳಲಿ! ಹಸಿರು ಬಯಲು. ಸುತ್ತ ಮನುಷ್ಯರೋ ಇರುವೆಗಳೋ ಎಂಬಂತೆ ಜನ. ಕರಿಯಂಗಿ, ಕರಿಚಡ್ಡಿಯ ಹದಿನೈದು ಗಂಡುಗಳು ಸಾಲಾಗಿ ನಿಂತರು. ಎದುರಿಗೆ ನೀಲಿಯಂಗಿಯ ಹದಿನೈದು. ಆಟ ಶುರುವಾಯಿತು ಅಂದುಕೊಂಡೆ, ಇಲ್ಲ! ಕರಿಯಂಗಿಯವರು ತೊಡೆ ತಟ್ಟಿದರು. ಮಂಡಿ ಬಗ್ಗಿಸಿ ನೆಲ ತುಳಿದರು. ನಾಲಿಗೆ ಚಾಚಿ, ಕಣ್ಣು ಹಿಗ್ಗಿಸಿ, ಒಬ್ಬ ಕೂಗಿದರೆ ಹದಿನಾಲ್ಕು ಜನ ಹೂಂಕರಿಸಿದರು. ನನ್ನ ತೋಳಿನ ರೋಮ ಎದ್ದು ನಿಂತವು. ಇಪ್ಪತ್ತೆರಡು ವರ್ಷ ಬಣ್ಣ ಹಚ್ಚಿದ ನಾನು ಇಂಥ ಪ್ರವೇಶ ಕಂಡಿಲ್ಲ. ಹೆಜ್ಜೆ ಹೀಗೆ: ಎಡಗಾಲು ಊರಿ ಬಲಗೈ ತೊಡೆಗೆ, ಬಲಗಾಲು ಊರಿ ಎಡಗೈ ತೊಡೆಗೆ, ಆಮೇಲೆ ಎರಡೂ ಕೈ ಎದೆಗೆ. ನಿನ್ನ ಹುಡುಗರಿಗೆ ಕಲಿಸು.

ಅಷ್ಟರಲ್ಲಿ ಹಾಳು ಕರೆಂಟು ಹೋಯಿತು. ಉಳಿದದ್ದನ್ನು ಪುರುಸೊತ್ತು ಮಾಡಿಕೊಂಡು ನೋಡಿ ಬರೆಯುತ್ತೇನೆ. ಹಾಡಿನ ಕ್ಯಾಸೆಟ್ ಕೇಳಿದೆ. ಮೈದಾನ ತುಂಬ ಕುಳಿತ ಗಂಡಸರು ಒಂದೇ ದನಿಯಲ್ಲಿ ಹಾಡುತ್ತಾರೆ. ಮಾತು ತಿಳಿಯಲಿಲ್ಲ. ಮದುವೆ ಮನೆಯ ಹಾಡಿನಂತೆ ಶುರುವಾಗಿ ಯಾರನ್ನೋ ಕಳಿಸಿಕೊಡುವ ಹಾಡಿನಂತೆ ಮುಗಿಯುತ್ತದೆ.

ನನ್ನ ಕಥೆ ಕೇಳಬೇಡ. ಕಂಪನಿ ಮುಚ್ಚಿತು. ವಿಡಿಯೋ ಬಂದು ನಾಟಕ ನುಂಗಿತು ಎಂದು ಊರೆಲ್ಲ ಬೈಯುತ್ತ ತಿರುಗಿದ ನಾನೇ ಈಗ ತಗಡಿನ ಶೆಡ್ಡಿನಲ್ಲಿ ಮೂರು ಹೊತ್ತು ವಿಡಿಯೋ ತೋರಿಸುತ್ತೇನೆ. ಆದರೆ ಒಂದು ಆಸೆ ಉಳಿದಿದೆ. ನನ್ನ ಸೇನಾಪತಿಯ ಪಾತ್ರ ನಿನಗೆ ಗೊತ್ತಲ್ಲ, ಕೊಟ್ಟ ಮಾತಿಗೆ ಕೊರಳು ಕೊಡುವವನು. ಅವನನ್ನು ಒಮ್ಮೆ ವಿಡಿಯೋದಲ್ಲಿ ಹಿಡಿಸಬೇಕು. ಮದುವೆಗಳಿಗೆ ಕ್ಯಾಮೆರಾ ಹಿಡಿಯುವ ಶಾಮೀದಸಾಬ ಒಪ್ಪಿದ್ದಾನೆ.

ಇಪ್ಪತ್ತಾರಕ್ಕೆ ಮಷೀನು, ಟೀವಿ, ನಾನು, ಮೂರೂ ಬಸ್ಸಿನಿಂದ ಇಳಿಯುತ್ತೇವೆ. ಇದು ಸೇನಾಪತಿಯ ಮಾತು!

ನಿನ್ನ
ಪರಮಣ್ಣ


ದೇವದುರ್ಗ
೨೦–೧೨–೧೯೮೭

ಪರಮಣ್ಣ,

ನಿನ್ನ ಕಾಗದವನ್ನು ಮೈದಾನದಲ್ಲಿ ಹುಡುಗರನ್ನು ಕೂಡಿಸಿಕೊಂಡು ಓದಿದೆ. ನಾನು ಓದಿದರೂ ಅವರಿಗೆ ಕೇಳಿಸಿದ್ದು ನಿನ್ನ ದನಿ. ಎರಡನೇ ಸಲ ಓದಿಸಿದರು. ಮೂರನೇ ಸಲಕ್ಕೆ ಎದ್ದು ತೊಡೆ ತಟ್ಟಿದರು. ಈಗ ಶಾಲೆಗೆ ಬರುವಾಗ, ಹೋಗುವಾಗ ಅದೇ. ಹೆಡ್‌ಮಾಸ್ತರರ ಕೋಣೆಯ ಕಪಾಟಿನ ಗಾಜು ಅಲ್ಲಾಡುತ್ತದೆ.

ಇನ್ನೊಂದು ಸಂಗತಿಯೂ ಆಯಿತು. ಒಬ್ಬ ಹುಡುಗನ ಮನೆಯಲ್ಲಿ ಆಟ ಮುಗಿಸಿ ಬಂದ ಮಗನನ್ನು ಹಿತ್ತಲಲ್ಲೇ ನಿಲ್ಲಿಸಿ ಎರಡು ಕೊಡ ನೀರು ಸುರಿದು ಒಳಗೆ ಬಿಟ್ಟರಂತೆ. ಮರುದಿನ ಅವನೇ ನಗುತ್ತ ಹೇಳಿದ: "ಛಲೋ ಆತ್ರೀ ಸರ್, ದಿನಾ ಜಳಕ." ಉಳಿದವರೂ ನಕ್ಕರು. ನಾನೂ ನಕ್ಕೆ. ಆಮೇಲೆ ಸೀಟಿ ಊದಿ, ಅವನನ್ನು ನೂಕುವವರ ನಡುವೆ ನಿಲ್ಲಿಸಿದೆ.

ಆದ್ದರಿಂದ ಇಪ್ಪತ್ತಾರು ಮುಖ್ಯ. ಅಧ್ಯಕ್ಷರು ಊರೆಲ್ಲ ಡಂಗುರ ಹೊಡೆಸಿದ ಹಾಗೆ ಹೇಳುತ್ತಿದ್ದಾರೆ, "ಡ್ರಿಲ್ ಮಾಸ್ತರಂದು ಸಿನೇಮಾ ಅದ, ಬರ್ರಿ."

ಪೂರ್ತಿ ಪಂದ್ಯ ನೋಡಿ ಬರೆ. ಈ ಆಟದಲ್ಲಿ ಒಂದು ಮೂಲ ನಿಯಮ ಇದೆ. ಬೇರೆ ಯಾವ ಆಟದಲ್ಲೂ ಇಲ್ಲದ್ದು. ನಾನು ಹೇಳುವುದಿಲ್ಲ. ಕಣ್ಣಿದ್ದವನಿಗೆ ಹತ್ತು ನಿಮಿಷದಲ್ಲಿ ಹೊಳೆಯುತ್ತದೆ. ನೀನೇ ಹುಡುಕಿ ಬರೆ, ನೋಡೋಣ. ಹುಡುಗರು ಶರತ್ತು ಕಟ್ಟಿದ್ದಾರೆ. ಎಲ್ಲರೂ ನಿನ್ನ ಕಡೆಗೇ.

ಉರುಕುಂದಪ್ಪ


ಮಾನ್ವಿ
೩–೧–೧೯೮೮

ಪ್ರಿಯ ಗೆಳೆಯನೇ, ಡ್ರಿಲ್ ಸಾಮ್ರಾಟನೇ!

ತಡವಾಯಿತು. ಶೆಡ್ಡಿನ ಕೆಲಸ, ನೆಗಡಿ, ಬಂದವರು ಹೋದವರು. ಇರಲಿ. ಈಗ ಕೇಳು, ಮಹಾಸಂಗ್ರಾಮದ ವರ್ಣನೆಯನ್ನು!

ಕೊಂಬು ಮೊಳಗಿತು! ನೀಲಿಪಡೆ ಎಡದಿಂದ ನುಗ್ಗಿತು, ಕರಿಪಡೆ ಬಲದಿಂದ ಕವಿಯಿತು. ನಡುವೆ ಆ ತತ್ತಿಚೆಂಡು ಅನಾಥ ಕೂಸಿನಂತೆ ಉರುಳಿತು. ಕರಿಪಡೆಯ ವೀರನೊಬ್ಬ ಅದನ್ನು ಎದೆಗವಚಿಕೊಂಡ. ಓಡಿದ! ಒಬ್ಬ ಕಾಲಿಗೆ ಬಿದ್ದ, ಒದ್ದು ಮುಂದೆ ಸಾಗಿದ. ಇಬ್ಬರು ಸೊಂಟಕ್ಕೆ ತೆಕ್ಕೆ ಬಿದ್ದರು, ಎಳೆದುಕೊಂಡೇ ನಡೆದ. ನಾಲ್ಕನೆಯವನು ಬೆಟ್ಟದಂತೆ ಅಡ್ಡ ನಿಂತಾಗ ವೀರನು ಏನು ಮಾಡಿದ ಬಲ್ಲೆಯಾ? ಬೀಳುತ್ತ ಬೀಳುತ್ತ, ಇಪ್ಪತ್ತು ಗಜ ಮುಂದೆ ಓಡುತ್ತಿದ್ದ ತನ್ನ ಗೆಳೆಯನತ್ತ ಎರಡೂ ಕೈಗಳಿಂದ ಚೆಂಡನ್ನು ಮುಂದಕ್ಕೆ ಎಸೆದ! ಬಾಣದಂತೆ ಹಾರಿತು! ಗೆಳೆಯ ಹಿಡಿದ, ಗೆರೆ ದಾಟಿ ನೆಲಕ್ಕೆ ಅಪ್ಪಳಿಸಿದ! ಜನಸಾಗರ ಎದ್ದು ನಿಂತು ಮೊರೆಯಿತು!

ಹೀಗೆ ಎಷ್ಟು ಸಲವೋ. ಕೊನೆಗೆ ಕರಿಯಂಗಿಯವರು ಇಪ್ಪತ್ತೊಂಬತ್ತು, ನೀಲಿಯಂಗಿಯವರು ಒಂಬತ್ತು. ಕಪ್ಪು ಎತ್ತಿ ಹಿಡಿದರು. ಚಿನ್ನದ್ದೇ ಇರಬೇಕು.

ಮೂಲ ನಿಯಮ ಕೇಳಿದೆಯಲ್ಲ? ನನ್ನ ಕಣ್ಣಿಗೆ ಆಗಲೇ ಹೊಳೆಯಿತು: ಬಿದ್ದವನ ಮೇಲೆ ಎಲ್ಲರೂ ಬೀಳಬೇಕು! ಗೆದ್ದೆನೋ ಇಲ್ಲವೋ? ಹುಡುಗರಿಗೆ ಹೇಳು, ಪರಮಣ್ಣ ಮಾಸ್ತರನ ಕಡೆ ಶರತ್ತು ಕಟ್ಟಿದವರು ಎಂದೂ ಸೋಲುವುದಿಲ್ಲ.

ಒಂದೇ ಒಂದು ತೊಡಕು. ನನ್ನ ಮಷೀನಿಗೆ ಏನೋ ರೋಗ ಬಡಿದಿದೆ. ಚಿತ್ರ ನಡುಗುತ್ತದೆ. ಇಪ್ಪತ್ತಾರಕ್ಕೆ ತರುವುದು ಕಷ್ಟವಾಗಬಹುದು. ದಿನ ಮುಂದೂಡಲು ಬರುತ್ತದೆಯೇ? ಯುಗಾದಿ ಆದಮೇಲೆ ಇಟ್ಟುಕೊಂಡರೆ ಹೇಗೆ?

ನಿನ್ನ
ಪರಮಣ್ಣ


ದೇವದುರ್ಗ
೮–೧–೧೯೮೮

ಪರಮಣ್ಣ,

ಕಾಗದ ತಲುಪಿತು. ಇದನ್ನು ಹುಡುಗರಿಗೆ ಓದಿ ಹೇಳಲಿಲ್ಲ.

ದಿನ ಮುಂದೂಡಲು ಬರುವುದಿಲ್ಲ. ಮಷೀನಿನ ಚಿಂತೆ ಬಿಡು. ರಾಯಚೂರಿಗೆ ಹೋಗಿ ತೀನ್ ಕಂದೀಲ್ ಹತ್ತಿರದ ಅಂಗಡಿಯಲ್ಲಿ ಟೀವಿ, ಮಷೀನು ಎರಡನ್ನೂ ಗೊತ್ತು ಮಾಡಿ ಬಂದಿದ್ದೇನೆ. ನೀನು ಕ್ಯಾಸೆಟ್ ಒಂದನ್ನು ವೆಂಕೋಬನ ಕೈಯಲ್ಲಿ ಕಳಿಸಿದರೆ ಸಾಕು.

ಒಂದೇ ಮಾತು ಕೇಳುತ್ತೇನೆ. ಕ್ಯಾಸೆಟ್ ಸುರಕ್ಷಿತ ಇದೆಯೇ? ಹೌದು, ಇಲ್ಲ, ಎರಡರಲ್ಲಿ ಒಂದು. ದೊಡ್ಡ ಕಾಗದ ಬೇಡ. ಒಂದು ಕಾರ್ಡು ಸಾಕು. ಏನಿದ್ದರೂ ಬರೆ. ಇನ್ನೂ ಹದಿನೆಂಟು ದಿನ ಇವೆ, ಏನಾದರೂ ದಾರಿ ಹುಡುಕಬಹುದು.

ಉರುಕುಂದಪ್ಪ


ಮಾನ್ವಿ, ೧೪–೧–೧೯೮೮
(ಕಾರ್ಡು)

ಅದ. ಸುರಕ್ಷಿತ ಅದ. ಇಪ್ಪತ್ತೈದಕ್ಕೆ ವೆಂಕೋಬನ ಕೈಯಲ್ಲಿ ಕಳಿಸುತ್ತೇನೆ. ನನಗೆ ಜ್ವರ, ಬರಲು ಆಗುವುದಿಲ್ಲ.

ಪರಮಣ್ಣ


ದೇವದುರ್ಗ
೨೮–೧–೧೯೮೮

ಪರಮಣ್ಣ,

ನಿನ್ನ ಜ್ವರ ಇಳಿದಿರಬಹುದು. ಇಪ್ಪತ್ತಾರರ ಸಂಗತಿ ಬರೆಯುತ್ತೇನೆ.

ಝಂಡಾ ಏರಿಸಿ, ಪೇಪರಮಿಂಟ್ ಹಂಚಿ, ದೊಡ್ಡ ಕೋಣೆಯ ಕಿಟಕಿಗಳಿಗೆ ಜಮಖಾನೆ ಕಟ್ಟಿದೆವು. ಕೋಣೆ ಹಿಡಿಸದಷ್ಟು ಮಂದಿ. ಅಧ್ಯಕ್ಷರಿಗೆ ಮುಂದೆ ಕುರ್ಚಿ. ಹದಿನೈದು ಹುಡುಗರು ಗೋಡೆಗೆ ಸಾಲಾಗಿ ನಿಂತಿದ್ದರು. ಮಷೀನು ಹಚ್ಚಿದೆ.

ಮೈದಾನ ಬಂತು. ಜನ ಬಂದರು. ಕರಿಯಂಗಿಯವರು ಬಂದರು. ನೀನು ಬರೆದದ್ದು ಒಂದಕ್ಷರ ಸುಳ್ಳಿರಲಿಲ್ಲ. ತೊಡೆ ತಟ್ಟಿ ನೆಲ ತುಳಿದರು. ಗೋಡೆಯ ಹತ್ತಿರ ನಮ್ಮ ಹುಡುಗರೂ ಶುರುಮಾಡಿದರು, ಒಂದು ಹೆಜ್ಜೆಯೂ ತಪ್ಪಲಿಲ್ಲ. ಮುದುಕಿ ಬಸ್ಸಮ್ಮ ಕೈಮುಗಿದು, "ಯಪ್ಪಾ, ಇವ್ರು ಯಾವ ದ್ಯಾವ್ರ ಮುಂದ ಕುಣ್ಯಾಕತ್ತಾರ?" ಎಂದಳು. ಅಧ್ಯಕ್ಷರು ಕಾಲ ಮೇಲಿನ ಕಾಲು ಇಳಿಸಿ ಮುಂದಕ್ಕೆ ಬಾಗಿದರು. ನಾನು ಉಸಿರು ಬಿಟ್ಟೆ, ಪರಮಣ್ಣ. ಆ ಒಂದು ಉಸಿರಿನಷ್ಟು ಹೊತ್ತು ನಾನು ಗೆದ್ದಿದ್ದೆ.

ಆಮೇಲೆ ಪರದೆಯ ಮೇಲೆ ನಾಲ್ಕು ಗೆರೆ ಓಡಿದವು. ನೀನು ಬಂದೆ.

ಸುಡು ಬಿಸಿಲಿನಲ್ಲಿ ಕಿರೀಟ ಹಾಕಿಕೊಂಡು ನಿಂತಿದ್ದೆ. ಕೆನ್ನೆಯ ಬಣ್ಣ ಬೆವರಿಗೆ ಇಳಿಯುತ್ತಿತ್ತು. ನಿನ್ನ ಹಿಂದೆ ಹಗ್ಗದ ಮೇಲೆ ಯಾರದೋ ಧೋತರ ಒಣಗುತ್ತಿತ್ತು. ಕತ್ತಿ ಎತ್ತಿ, "ಕೊಟ್ಟ ಮಾತಿಗೆ ತಪ್ಪಿದ ನಾಲಿಗೆ ನನ್ನದಲ್ಲ!" ಎಂದೆ.

ಮೊದಲು ಯಾರಿಗೂ ತಿಳಿಯಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಕೂಗಿದ: "ಡ್ರಿಲ್ ಮಾಸ್ತರ, ಚಂಡೆಲ್ರೀ? ಮೀಸ್ಯಾಗ ಮುಚ್ಚಿಟ್ಟಾನೇನು?" ಕೋಣೆಯೇ ಬಿದ್ದು ನಕ್ಕಿತು. ನಾನು ಆರಿಸಲು ಎದ್ದೆ. ಅಧ್ಯಕ್ಷರು ಕೈ ಅಡ್ಡ ಹಿಡಿದರು. "ಇರ್ಲಿ ಇರ್ಲಿ. ಆಟ ಎಲ್ಲಿ ಬರ್ತದ ನೋಡೂಣು." ಕ್ಯಾಸೆಟ್ ಮುಗಿಯುವವರೆಗೆ, ಎರಡು ತಾಸು, ನಿನ್ನನ್ನೇ ತೋರಿಸಿದರು. ದೇವದುರ್ಗದಲ್ಲಿ ದಿನಾ ಹನ್ನೊಂದಕ್ಕೆ ಕರೆಂಟು ಹೋಗುತ್ತದೆ. ಆ ದಿನ ಹೋಗಲಿಲ್ಲ.

ಕೊನೆಗೆ ಅಧ್ಯಕ್ಷರು ಎದ್ದು, "ಆ ಕುಣಿತಾನೂ ಇದ ನಾಟಕದ್ದು. ಕರೀ ಅಂಗಿ ತೊಡಿಸಿ ಕುಣಿಸ್ಯಾರ. ಭೇಷ್ ಮಾಸ್ತರ, ಛಲೋ ಹೂಟ ಹೂಡಿದ್ದಿ" ಎಂದರು. ಪುಸ್ತಕ ತೋರಿಸೋಣವೆಂದರೆ ಅದು ನಿನ್ನ ಹತ್ತಿರ. ತಪ್ಪು ನನ್ನದು, ಬೇರೆ ಕ್ಯಾಸೆಟ್ ಬಂದಿದೆ ಎಂದೆ. ನಿನ್ನ ಹೆಸರು ಹೇಳಲಿಲ್ಲ. ಹುಡುಗರಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಚೆಂಡನ್ನು ನಾನೇ ತೆಗೆದುಕೊಂಡು ಹೋಗಿ ಅಧ್ಯಕ್ಷರ ಮೇಜಿನ ಮೇಲೆ ಇಟ್ಟುಬಂದೆ.

ಎಲ್ಲರೂ ಹೋದಮೇಲೆ ಕ್ಯಾಸೆಟ್ ತಿರುಗಿಸಿ ನೋಡಿದೆ. ಮುರಿದ ಪಟ್ಟಿಯ ಜಾಗದಲ್ಲಿ ಮೀಸೆ ಅಂಟಿಸುವ ಗೋಂದು ತುಂಬಿತ್ತು. ಗೋಂದಿನಲ್ಲಿ ನಾಲ್ಕು ಕರಿಯ ಕೂದಲು ಇದ್ದವು.

ಈಗ ಮೂಲ ನಿಯಮ ಹೇಳುತ್ತೇನೆ. ರಗ್ಬಿಯಲ್ಲಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಎಂದೂ ಇಲ್ಲ, ಯಾರೂ ಇಲ್ಲ. ನೀನು ಮುಂದೆ ಓಡಬಹುದು, ಕೊಡುವುದಿದ್ದರೆ ನಿನ್ನ ಹಿಂದೆ ಬರುವವನಿಗೇ ಕೊಡಬೇಕು. ನಿನ್ನ ವೀರ ಇಪ್ಪತ್ತು ಗಜ ಮುಂದಕ್ಕೆ ಎಸೆದದ್ದನ್ನು ಓದಿದ ದಿನವೇ ನೀನು ಪಂದ್ಯ ನೋಡಿಲ್ಲ ಎಂದು ನನಗೆ ಗೊತ್ತಾಯಿತು. ಅದಕ್ಕೇ ಕಾರ್ಡು ಕೇಳಿದೆ.

ಗೊತ್ತಿದ್ದೂ ಯಾಕೆ ಹಾಕಿ ತೋರಿಸಿದೆ ಎಂದರೆ, ನೀನು 'ಅದ' ಎಂದು ಬರೆದಿದ್ದೆ.

ಉರುಕುಂದಪ್ಪ


ಮಾನ್ವಿ
೬–೩–೧೯೮೮

ಉರುಕುಂದಪ್ಪ,

ಮೂರು ಸಲ ಬರೆದು ಹರಿದೆ. ಮೂರರಲ್ಲೂ ಸೇನಾಪತಿಯೇ ಮಾತಾಡುತ್ತಿದ್ದ. ಇದು ನಾಲ್ಕನೆಯದು. ದನಿ ಏರಿದರೆ ಅಲ್ಲಿಗೇ ಓದುವುದು ಬಿಡು.

ನಡೆದದ್ದು ಹೀಗೆ. ನಿನಗೆ ಕುಣಿತದ ಕಾಗದ ಬರೆದ ಎರಡನೆಯ ದಿನ ಶಾಮೀದಸಾಬ ಕ್ಯಾಮೆರಾ ತಂದ. ಕ್ಯಾಮೆರಾಕ್ಕೆ ಬೆಳಕು ಬೇಕೆಂದು ನಡುಮಧ್ಯಾಹ್ನ ಶೆಡ್ಡಿನ ಮುಂದೆ ಬಣ್ಣ ಹಚ್ಚಿಕೊಂಡು ನಿಂತೆವು. ಹಳೆಯ ಕಂಪನಿಯ ನಾಲ್ಕು ಜನರನ್ನು ಊರೂರಿನಿಂದ ಕರೆಸಿದ್ದೆ. ಅವನ ಕ್ಯಾಸೆಟ್ ಮಷೀನಿನಲ್ಲಿ ಸಿಕ್ಕಿಕೊಂಡು ಹರಿಯಿತು.

"ಮಾಸ್ತರ, ಬ್ಯಾರೆ ಕ್ಯಾಸೆಟ್ ಅದ ಏನ್ರೀ? ಬಿಸಲು ಇಳದ್ರ ಏನೂ ಬರಂಗಿಲ್ಲ."

ನಿನ್ನದನ್ನು ತಂದುಕೊಟ್ಟೆ.

"ಇದ್ರ ಪಟ್ಟಿ ಮುರದದರೀ. ಯಾರೋ ಬೇಕಂತ ಮುರದಾರ."

"ಬಿದ್ದು ಮುರದದ. ನಂದ ಕ್ಯಾಸೆಟ್ಟು, ಹಾಕೋ" ಎಂದೆ.

ಆ ಜಾಗ ಮುಚ್ಚದೆ ಮಷೀನು ತುಂಬಿಕೊಳ್ಳುವುದಿಲ್ಲ ಎಂದ. ಮೀಸೆಯ ಗೋಂದು ನನ್ನ ಬೆರಳಿಗೇ ಅಂಟಿತ್ತು. ಕೂದಲು ಹತ್ತಿದ ಅದನ್ನೇ ಉಂಡೆ ಮಾಡಿ ನಾನೇ ಮೆತ್ತಿದೆ. ಕುಣಿತ ಮಾತ್ರ ಉಳಿಸು ಎಂದೆ. ಅದು ನನಗೆ ಇಷ್ಟವಾಗಿತ್ತು, ಅದಕ್ಕೆ. 'ಉರುಕುಂದಪ್ಪನಿಗೆ ಅಷ್ಟು ಸಾಕಾಗುತ್ತದೆ' ಎಂದು ಅಂದುಕೊಂಡೆ ಎಂದು ಬರೆಯಲು ಹೊರಟಿದ್ದೆ. ಅದೂ ಸುಳ್ಳು. ಆ ಹೊತ್ತಿನಲ್ಲಿ ನೀನು ನೆನಪಿಗೇ ಬರಲಿಲ್ಲ. ನನ್ನ ಮುಖ ಒಂದು ಎಲ್ಲಾದರೂ ಉಳಿಯಲಿ ಎನ್ನುವುದಷ್ಟೇ ಇತ್ತು.

ಆಮೇಲೆ ಪುಸ್ತಕದ ಚಿತ್ರ ನೋಡಿ ನೋಡಿ ಪಂದ್ಯ ಕಟ್ಟಿದೆ. ಎಣಿಕೆ ಮಾತ್ರ ಅದರಲ್ಲಿ ಬರೆದದ್ದು. ಇಪ್ಪತ್ತೈದನೆಯ ತಾರೀಕು ವೆಂಕೋಬನ ಕೈಗೆ ಕ್ಯಾಸೆಟ್ ಕೊಡುವಾಗಲೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹನ್ನೊಂದಕ್ಕೆ ಕರೆಂಟು ಹೋಗಲಿ ಎಂದು ದೇವಸುಗೂರಿನ ಸೂಗೂರೇಶ್ವರನಿಗೆ ಹರಕೆ ಹೊತ್ತೆ. ದೇವರನ್ನೂ ಇದರೊಳಗೆ ಎಳೆದೆ.

ನಿನ್ನ ಕಾಗದ ಬಂದ ಮೇಲೆ ಪುಸ್ತಕವನ್ನು ಇಲ್ಲಿನ ಇಂಗ್ಲಿಷ್ ಟೀಚರ್ ಶಹಜಾದಿ ಬೇಗಂ ಅವರ ಮನೆಗೆ ಒಯ್ದು ಓದಿಸಿದೆ. ಅವರು ಓದಿ ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡೆ. ಏಳನೆಯ ಪುಟದಲ್ಲೇ ಆ ನಿಯಮ ಇತ್ತು. ಟೀಚರಮ್ಮ, "ಯಾಕ್ರೀ ಮಾಸ್ತರ, ಬೆವರಾಕತ್ತೀರಿ?" ಎಂದರು. ಬಿಸಿಲು ಎಂದೆ. ಫ್ಯಾನಿನ ಕೆಳಗೆ ಕುಳಿತಿದ್ದೆ.

ಮೊನ್ನೆ ನಿನಗೆ ತಿಳಿಸದೆ ದೇವದುರ್ಗಕ್ಕೆ ಬಂದಿದ್ದೆ. ಅಧ್ಯಕ್ಷರ ಮನೆಗೆ ಹೋದೆ. ಅಲ್ಲಿ ಐದಾರು ಜನ ಇದ್ದರು. ಪುಸ್ತಕ ಮುಂದಿಟ್ಟು, ತಪ್ಪು ಡ್ರಿಲ್ ಮಾಸ್ತರದ್ದಲ್ಲ, ನನ್ನದು ಎಂದು ಎಲ್ಲ ಹೇಳಿದೆ. ಮೆಲ್ಲಗೆ ಹೇಳಿದೆ. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು, ತಡೆಯಲು ಆಗಲಿಲ್ಲ. ಮುಗಿಸಿದಾಗ ಅಧ್ಯಕ್ಷರು ಚಪ್ಪಾಳೆ ತಟ್ಟಿದರು. "ವಾಹ್, ಮಾಸ್ತರ! ವಿಡಿಯೋದಾಗಿಂದಕ್ಕಿಂತ ಇದು ಭಾಳ ಛಲೋ ಆತು. ಅಳೂದೂ ಬರ್ತದೇನು ನಿನಗ?" ಉಳಿದವರೂ ತಟ್ಟಿದರು. ಪುಸ್ತಕವನ್ನು ತೆರೆದು ಸಹ ನೋಡದೆ, "ಇಂಥಾ ಬುಕ್ಕು ಹೈದ್ರಾಬಾದಿನ್ಯಾಗ ಎಷ್ಟ ಬೇಕಷ್ಟು ಛಾಪಿಸ್ತಾರ" ಎಂದರು. ನನ್ನ ಬದುಕಿನಲ್ಲಿ ಇಷ್ಟು ಕೆಟ್ಟ ಚಪ್ಪಾಳೆ ಕೇಳಿಲ್ಲ. ಹೊರಗೆ ಬರುವಾಗ ಅವರ ಜಗಲಿಯ ಮೂಲೆಯಲ್ಲಿ ನಿನ್ನ ಚೆಂಡು ಬಿದ್ದಿತ್ತು. ಕೇಳುವ ಮುಖ ಇರಲಿಲ್ಲ. ಎತ್ತಿ ಚೀಲಕ್ಕೆ ಹಾಕಿಕೊಂಡೆ. ಯಾರೂ ನೋಡಲಿಲ್ಲ. ವೆಂಕೋಬನ ಕೈಯಲ್ಲಿ ಚೆಂಡು, ಪುಸ್ತಕ, ಹಾಡಿನ ಕ್ಯಾಸೆಟ್, ನಾನು ಬರೆದ ನಿಯಮಗಳು, ಎಲ್ಲ ಕಳಿಸಿದ್ದೇನೆ.

ಇನ್ನೊಂದು. ನಿಮ್ಮವ್ವನ ರೊಟ್ಟಿ, ಪುಂಡಿಪಲ್ಯದ ಮಾತು ಬರೆದಿದ್ದೆಯಲ್ಲ. ಆ ದಿನ ಮನೆಗೆ ಹೋದಾಗ ನಮ್ಮವ್ವ ಮಾರೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು: "ಅವರ ಮನ್ಯಾಗ ಉಂಡೇನು?" ನೀನು ಬೇಲಿಯ ಆಚೆ ಇದ್ದೆ. "ಇಲ್ಲಬೇ" ಎಂದೆ. ಬಾಯಲ್ಲಿ ಇನ್ನೂ ಪುಂಡಿಯ ಹುಳಿ ಇತ್ತು. ನಿನಗೆ ಕೇಳಿಸಿತ್ತೋ ಇಲ್ಲವೋ, ಮೂವತ್ತು ವರ್ಷದಿಂದ ಕೇಳಲು ಧೈರ್ಯ ಬಂದಿಲ್ಲ. 'ಅದ' ಎಂದು ಕಾರ್ಡು ಬರೆದವನೂ ಆ 'ಇಲ್ಲಬೇ' ಎಂದ ಹುಡುಗನೇ.

ಪರಮಣ್ಣ


ದೇವದುರ್ಗ
೧೪–೩–೧೯೮೮

ಪರಮಣ್ಣ,

ಸಾಮಾನು ತಲುಪಿದವು. ನಿಯಮಗಳನ್ನು ಚೆನ್ನಾಗಿ ಬರೆದಿದ್ದೀಯ. ಹನ್ನೆರಡನೆಯದು ಮಾತ್ರ ತಪ್ಪಿದೆ, ತಿದ್ದಿಕೊಂಡೆ.

ಕೇಳಿಸಿತ್ತು.

ಶಾಲೆಯಲ್ಲಿ ಈಗ ಕವಾಯತು ಮಾತ್ರ. ಚೆಂಡು ಬಂದ ಮರುದಿನ ಹುಡುಗರೇ ಮನೆಗೆ ಬಂದು ಕೇಳಿದರು. ಹದಿನೈದರಲ್ಲಿ ಒಂಬತ್ತು ಜನ. ಊರ ಹೊರಗಿನ ಹಳ್ಳ ಒಣಗಿದೆ. ರವಿವಾರ ಬೆಳಿಗ್ಗೆ ಅದರ ಮರಳಿನಲ್ಲಿ ಆಡುತ್ತೇವೆ. ಹಿತ್ತಲಲ್ಲಿ ನೀರು ಸುರಿಸಿಕೊಳ್ಳುತ್ತಿದ್ದವನೂ ಬರುತ್ತಾನೆ. ಆಡಲು ಹೋಗುವುದೇ ಇಲ್ಲ ಎಂದು ಮನೆಯಲ್ಲಿ ಹೇಳಿ ಬರುತ್ತಾನಂತೆ. ಹಾಗೆ ಹೇಳಬೇಡ ಎಂದು ನಾನು ಹೇಳಲಿಲ್ಲ. ಅದು ನನ್ನ ಪಾಲಿನ ನಾಚಿಕೆ.

ಕ್ಷಮಿಸಿದೆ ಎಂದು ಬರೆಯಲು ಕೈ ಬರುತ್ತಿಲ್ಲ. ಹಳ್ಳ ಎಲ್ಲಿದೆ ಎಂದು ವೆಂಕೋಬನಿಗೆ ಗೊತ್ತು.

ಉರುಕುಂದಪ್ಪ


ಮಾನ್ವಿ
೨೧–೩–೧೯೮೮

ಉರುಕುಂದಪ್ಪ,

ನಿನ್ನೆ ಬಂದಿದ್ದೆ. ನೀನು ನೋಡಿದೆಯೋ ಇಲ್ಲವೋ ತಿಳಿಯದು. ನಾನು ನೋಡಿದೆ.

ದಂಡೆಯ ಜಾಲಿಯ ಮರೆಯಲ್ಲಿ ನಿಂತಿದ್ದೆ. ವೆಂಕೋಬ, "ಇಳೀರಿ ಮಾಸ್ತರ, ಯಾರೇನು ತಿಂತಾರ?" ಎಂದ. ಅವನು ಬಸ್ಸಿಗೆ ಹೋದ, ನಾನು ಅಲ್ಲೇ ನಿಂತೆ. ಕೆಳಗೆ ಹುಡುಗರು ಹೆಗಲಿಗೆ ಹೆಗಲು ಕೂಡಿಸಿ ನೂಕುತ್ತಿದ್ದರು. ಮರಳಿನಲ್ಲಿ ಒಬ್ಬನ ಕಾಲು ಯಾವುದು, ಇನ್ನೊಬ್ಬನದು ಯಾವುದು ಗೊತ್ತಾಗುತ್ತಿರಲಿಲ್ಲ. ಒಬ್ಬ ಚೆಂಡು ತಪ್ಪಿಸಿಕೊಂಡು ಓಡಿದ. ಬೀಳುವ ಮೊದಲು ಕತ್ತು ಹೊರಳಿಸಿ ಹಿಂದೆ ನೋಡಿ ಕೊಟ್ಟ. ಅವನ ಹಿಂದೆ ಒಬ್ಬ ಇದ್ದ. ಅವನೂ ಹಿಂದೆ ನೋಡಿ ಕೊಟ್ಟ. ಅವನ ಹಿಂದೆಯೂ ಒಬ್ಬ ಇದ್ದ. ಹಿಂದಕ್ಕೆ ಹಿಂದಕ್ಕೆ ಕೊಡುತ್ತಲೇ ಎಲ್ಲರೂ ಮುಂದೆ ಹೋಗಿಬಿಟ್ಟರು. ಇಷ್ಟು ಸುಲಭದ್ದನ್ನು ನಾನು ನೋಡದೆ ಅಳಿಸಿದೆ.

ಆಮೇಲೆ ಯಾರೋ ಒದ್ದ ಚೆಂಡು ದಂಡೆ ಹತ್ತಿ ಜಾಲಿಯ ಬುಡಕ್ಕೆ ಬಂತು. ನನ್ನ ಕೈಗೆ ಬಂತು. ಕೆಳಗಿನಿಂದ ಹುಡುಗರು, "ಯಜಮಾನ್ರ, ಚಂಡು ಒಗೀರಿ!" ಎಂದು ಕೂಗಿದರು. ಬಣ್ಣ, ಮೀಸೆ ಇಲ್ಲದ ನನ್ನ ಗುರುತು ಅವರಿಗೆ ಹತ್ತಲಿಲ್ಲ. ನೀನು ಸೂರ್ಯನಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದೆ. ನೀವೆಲ್ಲ ನನ್ನ ಮುಂದೆ ಇದ್ದಿರಿ. ಮುಂದಕ್ಕೆ ಎಸೆಯುವಂತಿಲ್ಲವಲ್ಲ. ತಿರುಗಿ ನೋಡಿದೆ. ನನ್ನ ಹಿಂದೆ ಯಾರೂ ಇರಲಿಲ್ಲ. ಚೆಂಡನ್ನು ಮೆಲ್ಲಗೆ ಮರಳಿನ ಮೇಲೆ ಇಟ್ಟು, ಕೆಳಗೆ ಉರುಳಲು ಬಿಟ್ಟು, ಬಸ್ಸಿಗೆ ನಡೆದೆ.

ಬರುವ ರವಿವಾರ ಮತ್ತೆ ಬರುತ್ತೇನೆ. ದಂಡೆಯ ಮೇಲೆ ನಿಲ್ಲುವುದಿಲ್ಲ. ನಿನ್ನ ಎದುರಿಗೂ ಬರುವುದಿಲ್ಲ. ಹಳ್ಳಕ್ಕೆ ಇಳಿದು ನಿನ್ನ ಹಿಂದೆ, ನಾಲ್ಕು ಹೆಜ್ಜೆ ದೂರದಲ್ಲಿ ನಿಲ್ಲುತ್ತೇನೆ. ತಿರುಗಿ ನೋಡುವುದು, ಬಿಡುವುದು ನಿನಗೆ ಸೇರಿದ್ದು.

ಪರಮ